ಸಹಾಯ ಬೇಕು: ತತ್ವಪದದ ಹಳೆಯ ರೆಕಾರ್ಡಿಂಗ್ ಕೇಳಬೇಕಿದೆ

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ತತ್ವಪದ (ಅನುಭಾವಿಗಳು ಕಟ್ಟಿದ ಹಾಡು) ಗಾಯನದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳು ಅಚ್ಚಾಗಿವೆ, ಅರ್ಥ ಬಿಡಿಸಿ ಬರೆದವರೂ ಇದ್ದಾರೆ. ನನಗೆ ಬೇಕಿರುವುದು ಹಾಡಿಕೆ. ಏಕತಾರಿ, ತಾಳ, ದಮ್ಮಡಿ ಹಿಡಿದು ರಾತ್ರಿಯಿಡೀ ಭಜನೆಗೆ ಕೂತಾಗ ಮುಂದಿನವರು ಸಾಲನ್ನು ಎಲ್ಲಿ ಬಿಡುತ್ತಾರೆ, ಹಿಂದಿನವರು ಎಲ್ಲಿ ಎತ್ತಿಕೊಳ್ಳುತ್ತಾರೆ, ಊರಿಂದ ಊರಿಗೆ ಧಾಟಿ ಹೇಗೆ ಬದಲಾಗುತ್ತದೆ. ಇದು ಪುಸ್ತಕ ಓದಿದರೆ ಸಿಗಲ್ಲ, ಕೇಳಲೇಬೇಕು. ಹಳೆಯ ಹಾಡುಗಾರರು ಒಬ್ಬೊಬ್ಬರೇ ಹೋಗುತ್ತಿದ್ದಾರೆ.

ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ 1982ರಲ್ಲಿ ಶುರು ಮಾಡಿದ ಸಂಗೀತ ಆರ್ಕೈವ್ ಗುರುಗ್ರಾಮದಲ್ಲಿದೆ. ಸಂಶೋಧಕರು ತಾವು ಹಳ್ಳಿಗಳಲ್ಲಿ ಮಾಡಿದ ರೆಕಾರ್ಡಿಂಗ್‌ಗಳನ್ನು ಅಲ್ಲಿ ಇಟ್ಟಿದ್ದಾರೆ. ದೆಹಲಿಯ ಸಂಗೀತ ನಾಟಕ ಅಕಾಡೆಮಿಯಲ್ಲೂ ದೊಡ್ಡ ಸಂಗ್ರಹವಿದೆ. ಇವುಗಳಲ್ಲಿ ಕೂತು ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಗೈಡ್ ಪತ್ರ ಸಾಕಾ, ವಿಶ್ವವಿದ್ಯಾಲಯದ್ದೂ ಬೇಕಾ? ಪ್ರಬಂಧಕ್ಕೆ ಪ್ರತಿ ಬೇಕೆಂದರೆ ರೆಕಾರ್ಡ್ ಮಾಡಿದವರ ಒಪ್ಪಿಗೆ ಹೇಗೆ ಪಡೆದಿರಿ? ಹಾಡಿದವರ ಮನೆಯವರನ್ನೂ ಕೇಳಬೇಕು ಅಂತ ನನ್ನ ಅನಿಸಿಕೆ.

ಯಾದಗಿರಿ ಗುಲಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾಗಿದ್ದು 2009ರಲ್ಲಿ, ಗುಲಬರ್ಗಾ ಹೆಸರು ಕಲಬುರಗಿ ಎಂದು ಬದಲಾಗಿದ್ದು 2014ರಲ್ಲಿ. ಹಾಗಾಗಿ ಅದಕ್ಕೂ ಮುಂಚೆ ರೆಕಾರ್ಡ್ ಆದ, ಈಗ ಯಾದಗಿರಿಗೆ ಸೇರಿದ ಸುರಪುರ, ಶಹಾಪುರ ಕಡೆಯ ಹಾಡನ್ನೂ ಕ್ಯಾಟಲಾಗ್‌ನಲ್ಲಿ ಗುಲಬರ್ಗಾ ಅಂತಲೇ ಹುಡುಕಬೇಕು ಅಲ್ವಾ? ಹುಡುಕಿದವರು ಬೇರೆ ದಾರಿ ಇದ್ದರೆ ತಿಳಿಸಿ.

ಬೀದರ್, ಯಾದಗಿರಿ ಕಡೆಯವರ ಮನೆಯಲ್ಲಿ ಭಜನೆಯ ಹಳೆ ಕ್ಯಾಸೆಟ್ ಇದ್ದರೆ ದಯವಿಟ್ಟು ಹೇಳಿ. ನಾನೇ ಬಂದು, ನಿಮ್ಮೆದುರೇ ಡಿಜಿಟಲ್ ಮಾಡಿ, ಕ್ಯಾಸೆಟ್ ಅಲ್ಲೇ ಬಿಟ್ಟು ಬರುತ್ತೇನೆ.