ಜಂಬಿಟ್ಟಿಗೆ ಮಣ್ಣಲ್ಲಿ ಡಿಟೆಕ್ಟರ್ ಎಲ್ಲೆಲ್ಲೂ ಕೂಗುತ್ತಿದೆ, ಕರಿಮಣಿ ಸರ ಮಾತ್ರ ಸಿಗುತ್ತಿಲ್ಲ

ತೋಟದಮನೆ (ಸಾಗರ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅಡಿಕೆ ತೋಟದಲ್ಲಿ ಹಾಳೆ ಹೆಕ್ಕುವಾಗ ಅಮ್ಮನ ಕರಿಮಣಿ ಸರ ಕಳಚಿ ಬಿದ್ದಿದೆ. ಮನೆಗೆ ಬಂದ ಮೇಲೆ ಗೊತ್ತಾಯಿತು. ಅವರು ಓಡಾಡಿದ ಜಾಗ ಸುಮಾರು ಐದು ಗುಂಟೆ. ಮೂರು ದಿನ ಕೈಯಲ್ಲೇ ದರಕು (ಉದುರಿದ ಒಣ ಎಲೆ) ಸರಿಸಿ ನೋಡಿದೆವು, ಸಿಗಲಿಲ್ಲ. ಆಮೇಲೆ ಗೆಳೆಯರೊಬ್ಬರಿಂದ ಮೆಟಲ್ ಡಿಟೆಕ್ಟರ್ ತಂದೆ. ವಿಎಲ್‌ಎಫ್ (ತೀರಾ ಕಡಿಮೆ ಕಂಪನಾಂಕದ) ಮಾದರಿ, ಡಿಡಿ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ, ಒಳಗೆ ಡಿ ಆಕಾರದ ಎರಡು ತಂತಿ ಸುರುಳಿ).

ಮನೆ ಅಂಗಳದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ನೋಡಿದಾಗ ಚೆನ್ನಾಗಿ ಕೂಗಿತು. ತೋಟಕ್ಕೆ ಹೋದರೆ ಹೆಜ್ಜೆಗೊಂದು ಸದ್ದು. ಅಗೆದರೆ ಬರೀ ಕೆಂಪು ಕಲ್ಲು, ಹಳೇ ಮೊಳೆ, ತಂತಿ ಚೂರು. ಬೇಸತ್ತು ಡಿಸ್ಕ್ರಿಮಿನೇಶನ್ (ಬೇಡದ ಲೋಹಗಳ ಸದ್ದು ಮುಚ್ಚುವ ಗುಂಡಿ) ಜಾಸ್ತಿ ಮಾಡಿದೆ. ಈಗ ಏನೂ ಕೂಗುತ್ತಿಲ್ಲ. ಸೆನ್ಸಿಟಿವಿಟಿ ಪೂರ್ತಿ ಏರಿಸಿಟ್ಟಿದ್ದೇನೆ. ಯಂತ್ರವೇ ಕೆಟ್ಟಿದೆಯಾ? ಅಮ್ಮ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ.

ಕಾಯಿಲ್ ಹಿಡಿದವ:

ಯಂತ್ರ ಸರಿಯಾಗಿಯೇ ಇದ್ದ ಹಾಗಿದೆ ಸರ್. ಮೊದಲು ಒಂದು ಪರೀಕ್ಷೆ ಮಾಡಿ. ತೋಟದಲ್ಲಿ ಕಾಯಿಲ್ಲನ್ನು ಅಲ್ಲಾಡಿಸದೆ ಹಿಡಿದು ನಿಲ್ಲಿ. ಆಗಲೂ ಚಿಟಿಚಿಟಿ ಅಂದರೆ ಅದು ಕರೆಂಟಿನ ಕಾಟ. ಮೋಟಾರ್ ನಿಲ್ಲಿಸಿ, ಜೇಬಿನ ಮೊಬೈಲ್ ದೂರ ಇಡಿ. ಬೀಸಿದಾಗ ಮಾತ್ರ ಕೂಗಿದರೆ ಅದು ಮಣ್ಣಿನದು.

ನಿಮ್ಮಲ್ಲಿ ಮಣ್ಣಿನದೇ ಇರಬೇಕು ಅಂತ ನನ್ನ ಅಂದಾಜು. ಜಂಬಿಟ್ಟಿಗೆಯ ಕೆಂಪು ಬಣ್ಣ ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ ಬಂದದ್ದು. ಅದರಲ್ಲಿ ಸ್ವಲ್ಪ ಭಾಗ ಅಯಸ್ಕಾಂತಕ್ಕೆ ಸ್ಪಂದಿಸುತ್ತದೆ, ಹಾಗಾಗಿ ಡಿಟೆಕ್ಟರಿಗೆ ನೆಲವೇ ಒಂದು ದೊಡ್ಡ ಲೋಹದ ಹಾಗೆ ಕಾಣುತ್ತದೆ. ಇದಕ್ಕೆ ಗ್ರೌಂಡ್ ಬ್ಯಾಲೆನ್ಸ್ ಮಾಡಲೇಬೇಕು, ಅಂದರೆ ಮಣ್ಣಿನ ಸದ್ದನ್ನು ಯಂತ್ರ ಬಿಟ್ಟುಬಿಡುವ ಹಾಗೆ ಹೊಂದಿಸಬೇಕು. ಲೋಹ ಇಲ್ಲದ ಒಂದು ಜಾಗ ನೋಡಿಕೊಂಡು ಕಾಯಿಲ್ಲನ್ನು ನೆಲದಿಂದ ಒಂದು ಅಡಿ ಎತ್ತಿ, ಒಂದೆರಡು ಇಂಚಿನ ತನಕ ಇಳಿಸಿ, ಮತ್ತೆ ಎತ್ತಿ. ಏರಿಳಿಕೆಯ ಸದ್ದು ಅಡಗುವ ತನಕ ಹೊಂದಿಸಿ. ಅಂಗಳದಲ್ಲಿ ಮಾಡಿದ್ದು ತೋಟಕ್ಕೆ ಆಗುವುದಿಲ್ಲ. ತೋಟದೊಳಗೂ ಮಣ್ಣು ಬದಲಾದ ಕಡೆ ಇನ್ನೊಮ್ಮೆ ಮಾಡಿ.

ಸೆನ್ಸಿಟಿವಿಟಿ ಅರ್ಧಕ್ಕೆ ಇಳಿಸಿ. ಇಂಥ ಮಣ್ಣಲ್ಲಿ ಪೂರ್ತಿ ಏರಿಸಿದರೆ ಆಳ ಸಿಗುವುದಿಲ್ಲ, ಗದ್ದಲ ಜಾಸ್ತಿಯಾಗುತ್ತದೆ. ಈಚೆಗೆ ಬಿದ್ದ ಸರ ಅಲ್ವಾ, ಮೇಲೇ ಇರುತ್ತದೆ. ನಿಮಗೆ ಆಳ ಬೇಕಾಗಿಯೇ ಇಲ್ಲ.

ಡಿಸ್ಕ್ರಿಮಿನೇಶನ್ ಏರಿಸಿದ್ದೇ ದೊಡ್ಡ ತಪ್ಪು, ದಯವಿಟ್ಟು ತೆಗೆದುಬಿಡಿ. ಸಣ್ಣ ಚಿನ್ನದ ಸಿಗ್ನಲ್ ಕಬ್ಬಿಣಕ್ಕಿಂತ ಸ್ವಲ್ಪವೇ ಮೇಲೆ, ಅಲ್ಯೂಮಿನಿಯಂ ಹಾಳೆ ಬರುವ ಜಾಗದಲ್ಲೇ ಬರುತ್ತದೆ. ಮೊಳೆ ಬೇಡ ಅಂತ ಮುಚ್ಚುತ್ತಾ ಹೋದರೆ ಚಿನ್ನವೂ ಮುಚ್ಚಿಹೋಗುತ್ತದೆ. ಮಾತ್ರೆಯ ಸ್ಟ್ರಿಪ್ ಚೂರು ಸಿಕ್ಕಿದರೆ ಬೇಸರ ಬೇಡ. ಸರಿಯಾದ ಸಿಗ್ನಲ್ಲನ್ನೇ ಹುಡುಕುತ್ತಿದ್ದೀರಿ ಅಂತ ಅರ್ಥ.

ಇನ್ನೊಂದು ಮುಖ್ಯ ವಿಷಯ. ಈಗಿನ ಒಂದು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲ್, ಅಯಸ್ಕಾಂತಕ್ಕೂ ಅಂಟುತ್ತದೆ. ಅದನ್ನಿಟ್ಟು ಕಲಿತ ಸದ್ದು ಚಿನ್ನಕ್ಕೆ ಹೊಂದುವುದಿಲ್ಲ. ಮನೆಯಲ್ಲಿ ಅದೇ ಥರದ ಇನ್ನೊಂದು ಸರ ಇದೆಯಾ? ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರಿಗೆ ಉದ್ದ ದಾರ ಕಟ್ಟಿ, ತೋಟದ ದರಕಿನ ಕೆಳಗೇ ಇಟ್ಟು ಕೇಳಿ.

ತೋಟದಮನೆ:

ಅತ್ತಿಗೆಯ ಸರ ಇಟ್ಟು ನೋಡಿದೆ. ಗ್ರೌಂಡ್ ಬ್ಯಾಲೆನ್ಸ್ ಆದ ಮೇಲೆ ಗದ್ದಲ ತುಂಬ ಕಡಿಮೆಯಾಗಿದೆ. ಆದರೆ ಅಷ್ಟುದ್ದದ ಸರಕ್ಕೆ ಸದ್ದೇ ಇಲ್ಲ! ತಾಳಿ ಇರುವ ಕಡೆ ಮಾತ್ರ ಮೆತ್ತಗೆ ಬರುತ್ತದೆ. ಹೀಗೇಕೆ?

ಕಾಯಿಲ್ ಹಿಡಿದವ:

ಸರಗಳ ಕಷ್ಟವೇ ಅದು. ಕಾಯಿಲ್ಲಿನ ಕಾಂತಕ್ಷೇತ್ರ ಲೋಹದೊಳಗೆ ಸುರುಳಿಯಾಗಿ ಕರೆಂಟ್ ಹುಟ್ಟಿಸುತ್ತದೆ. ಡಿಟೆಕ್ಟರ್ ಕೇಳಿಸಿಕೊಳ್ಳುವುದು ಅದನ್ನೇ. ಉಂಗುರ ಒಂದೇ ಸುತ್ತು, ಹಾಗಾಗಿ ಜೋರಾಗಿ ಕೇಳುತ್ತದೆ. ಸರದಲ್ಲಿ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಕರೆಂಟ್ ಸರಿಯಾಗಿ ದಾಟುವುದಿಲ್ಲ, ಒಂದೊಂದು ಕೊಂಡಿಯೂ ಬೇರೆ ಬೇರೆ ಚೂರಿನ ಹಾಗೆ. ಕರಿಮಣಿಯಂತೂ ಗಾಜು. ಆದ್ದರಿಂದ ಸರ ಹುಡುಕಬೇಡಿ, ತಾಳಿ ಹುಡುಕಿ. ಈಗ ಕೇಳಿದ ಮೆತ್ತಗಿನ ಸದ್ದನ್ನು ಚೆನ್ನಾಗಿ ಕಿವಿಗೆ ಹಾಕಿಕೊಳ್ಳಿ, ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು.

ನಿಮ್ಮ ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ ಇದ್ದರೆ ಅದೇ ಚೌಕ. ಒಂದು ಚೌಕ ಮುಗಿಸಿ ಇನ್ನೊಂದಕ್ಕೆ ಹೋಗಿ. ಮೊದಲು ದರಕನ್ನು ಒಂದು ಕಡೆ ರಾಶಿ ಮಾಡಿ, ಆ ರಾಶಿಯನ್ನೂ ಬಿಡದೆ ನೋಡಿ. ಕಾಯಿಲ್ ನೆಲಕ್ಕೆ ಒಂದಿಂಚಿನಷ್ಟು ಹತ್ತಿರ ಇರಲಿ. ನಿಧಾನಕ್ಕೆ ಬೀಸಿ, ಪ್ರತಿ ಬೀಸು ಹಿಂದಿನದರ ಅರ್ಧ ಭಾಗದ ಮೇಲೆ ಬರಲಿ. ಸೊಂಟದ ಕತ್ತಿ ಮನೆಯಲ್ಲೇ ಬಿಡಿ, ಹತ್ತಿರದ ಕಬ್ಬಿಣ ಯಂತ್ರದ ದಾರಿ ತಪ್ಪಿಸುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಯಂತ್ರ ಮಾಡಿದ್ದರು. ಆದರೆ ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳು ಅದನ್ನು ದಾರಿ ತಪ್ಪಿಸಿದವು.

ಘಟ್ಟದ ಕೆಳಗಿನವಳು:

ಒಂದು ಮಾತು ಸೇರಿಸುತ್ತೇನೆ. ಹುಡುಕುವಾಗ ಹಳೇ ನಾಣ್ಯವೋ ಒಡವೆಯೋ ಸಿಕ್ಕಿದರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಿ. ಸ್ವಂತ ಜಮೀನಾದರೂ ನಿಧಿಯ ಕಾನೂನು ಅನ್ವಯಿಸುತ್ತದೆ. ಅದು ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಅನ್ನುವುದರಲ್ಲೇ ಊರಿನ ಚರಿತ್ರೆ ಇರುತ್ತದೆ.

ತೋಟದಮನೆ:

ಸಿಕ್ಕಿತು! ಎರಡನೇ ದಿನ ಮಧ್ಯಾಹ್ನ, ಹದಿನಾಲ್ಕನೇ ಚೌಕದಲ್ಲಿ. ನೆಲದಲ್ಲಲ್ಲ, ನಾವೇ ಮೊದಲು ಕೈಯಲ್ಲಿ ಸರಿಸಿ ಬುಡಕ್ಕೆ ಹಾಕಿದ್ದ ದರಕಿನೊಳಗೆ. ಅತ್ತಿಗೆಯ ಸರ ಇಟ್ಟಾಗ ಕೇಳಿದ ಅದೇ ಮೆತ್ತಗಿನ ಸದ್ದು ಎರಡೂ ಕಡೆಯಿಂದ ಬೀಸಿದಾಗ ಬಂತು. ಕೊಕ್ಕೆ ಸವೆದು ತೆರೆದಿತ್ತು, ಮೂರು ನಾಲ್ಕು ಮಣಿ ಹೋಗಿವೆ. ತಾಳಿ ಹಾಗೇ ಇದೆ. ಅಮ್ಮನ ಕೈಗೆ ಕೊಟ್ಟೆ. ನಾಳೆ ಕೊಕ್ಕೆ ಬದಲಿಸಲು ಅಕ್ಕಸಾಲಿಗರ ಹತ್ತಿರ ಹೋಗುತ್ತಿದ್ದೇವೆ.