ಹಾಸಿಗೆ ಒದ್ದೆ ಮಾಡುವ 7 ವರ್ಷದ ಮಗುವಿಗೆ ಅಲಾರ್ಮೋ, ಮಾತ್ರೆಯೋ?

ಪ್ರಶ್ನೆ: ಮಗಳಿಗೆ 7 ವರ್ಷ. ಹಗಲು ತೊಂದರೆಯಿಲ್ಲ, ರಾತ್ರಿ ವಾರಕ್ಕೆ ನಾಲ್ಕೈದು ಸಲ ಹಾಸಿಗೆ ಒದ್ದೆ. ಚಡ್ಡಿ ಒದ್ದೆಯಾದೊಡನೆ ಕೂಗಿ ಎಬ್ಬಿಸುವ ಅಲಾರ್ಮೋ, ಮಾತ್ರೆಯೋ, ಯಾವುದು ಒಳ್ಳೆಯದು? ಬಳಸಿದವರು ಹೇಳಿ.

ಸುಮಾ: ಅಲಾರ್ಮೇ. ಆದರೆ ಎರಡು ಮೂರು ತಿಂಗಳು ಪಟ್ಟು ಹಿಡಿಯಬೇಕು. ಸೆನ್ಸರನ್ನು ಮೊದಲ ಹನಿ ಬೀಳುವ ಜಾಗಕ್ಕೇ ಸಿಕ್ಕಿಸಿ. ಚಡ್ಡಿ ಸಡಿಲವಿದ್ದರೆ ಹಾಸಿಗೆಯೆಲ್ಲ ನೆಂದ ಮೇಲೆ ಕೂಗುತ್ತದೆ. ಬೆವರಿಗೂ ಕೂಗುತ್ತದೆ, ಅದಕ್ಕೆ ಎರಡು ಚಡ್ಡಿ ಹಾಕಿ ನಡುವೆ ಇಡಿ. ಮೊದಮೊದಲು ಮನೆಯವರೆಲ್ಲ ಎದ್ದರೂ ಮಗು ಏಳುವುದಿಲ್ಲ. ನೀವೇ ಪೂರ್ತಿ ಎಚ್ಚರ ಮಾಡಿಸಿ, ಗುಂಡಿಯನ್ನು ಅವಳ ಕೈಯಲ್ಲೇ ಒತ್ತಿಸಿ, ನಡೆಸಿಕೊಂಡು ಹೋಗಿ. ಮೊದಲು ಒದ್ದೆ ಕಲೆ ಚಿಕ್ಕದಾಗುತ್ತದೆ, ಒಣ ರಾತ್ರಿ ಆಮೇಲೆ. ಸತತ 14 ರಾತ್ರಿ ಒಣಗಿದ್ದರೆ ತೆಗೆಯಿರಿ.

ರಾಘವ: ಮೂರು ತಿಂಗಳು ಮನೆಮಂದಿಯ ನಿದ್ದೆ ಯಾರು ಕೊಡ್ತಾರೆ? ರಾತ್ರಿ ಮೂತ್ರ ಉತ್ಪತ್ತಿ ತಗ್ಗಿಸುವ ಮಾತ್ರೆ ಡೆಸ್ಮೋಪ್ರೆಸಿನ್ 0.2 ಮಿ.ಗ್ರಾಂ, ಮಲಗುವ ಒಂದು ಗಂಟೆ ಮುಂಚೆ. ಸಾಲದಿದ್ದರೆ ವೈದ್ಯರು 0.4ಕ್ಕೆ ಏರಿಸುತ್ತಾರೆ. ನೆಂಟರ ಮನೆಗೆ ಹೊರಟ ಮಗುವಿಗೆ ಅಲಾರ್ಮ್ ಕಟ್ಟಿ ಕಳಿಸ್ತೀರಾ?

ಸುಮಾ: ನೀರಿನ ಮಾತೇ ಎತ್ತಲಿಲ್ಲವಲ್ಲ! ಮಾತ್ರೆಗೆ ಒಂದು ಗಂಟೆ ಮುಂಚಿನಿಂದ, ನುಂಗಿದ ಮೇಲೆ 8 ಗಂಟೆವರೆಗೆ ನೀರು ಗುಟುಕಿಗಷ್ಟೇ. ಮೀರಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಫಿಟ್ಸ್ ಕೂಡ ಬರಬಹುದು. ವಾಂತಿಭೇದಿ, ಜ್ವರ ಇದ್ದ ದಿನ ಮಾತ್ರೆ ಕೊಡಲೇಬಾರದು. ಬಿಟ್ಟ ಮೇಲೆ ಬಹಳ ಮಕ್ಕಳಲ್ಲಿ ಮತ್ತೆ ಶುರು.

ರಾಘವ: ಅಲಾರ್ಮ್ ಬಿಟ್ಟ ಮೇಲೂ ಕೆಲವರಲ್ಲಿ ಮರಳುತ್ತದೆ, ಅದನ್ನೂ ಹೇಳಿ.

ವಿಮಲಾ: ಇಬ್ಬರೂ ಅಳತೆ ಕೇಳದೆ ಜಗಳಕ್ಕಿಳಿದಿರಿ. ಮೂತ್ರಕೋಶ ಎಷ್ಟು ಹಿಡಿಯಬೇಕೆಂದು ತಿಳಿಯಲು ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿ: 7ಕ್ಕೆ 240 ಮಿ.ಲೀ. ಹಗಲು ಒಂದೆರಡು ದಿನ ಮೂತ್ರವನ್ನು ಅಳತೆಲೋಟದಲ್ಲಿ ಹಿಡಿದು ನೋಡಿ. ಒಂದು ಸಲಕ್ಕೂ ಅದರ ಹತ್ತಿರ ಬರದಿದ್ದರೆ ಮೂತ್ರಕೋಶ ಹಿಡಿಯುವುದೇ ಕಡಿಮೆ, ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ರಾತ್ರಿ ಡೈಪರ್ ತೂಗಿ, ಒಣ ತೂಕ ಕಳೆದು, ಬೆಳಗಿನ ಮೊದಲ ಮೂತ್ರ ಕೂಡಿಸಿ (1 ಗ್ರಾಂ ಅಂದರೆ 1 ಮಿ.ಲೀ.). 312 ಮಿ.ಲೀ. (240ರ ಶೇ. 130) ದಾಟಿದರೆ ರಾತ್ರಿ ಉತ್ಪತ್ತಿಯೇ ಹೆಚ್ಚು, ಆಗ ಮಾತ್ರೆಗೆ ಅರ್ಥ. ಅದಕ್ಕೂ ಮುಂಚೆ ಮಲಬದ್ಧತೆ ನೋಡಿ. ಗಟ್ಟಿ ಮಲ ತುಂಬಿ ಮೂತ್ರಕೋಶವನ್ನು ಒತ್ತುತ್ತಿದ್ದರೆ ಎರಡೂ ಸೋಲುತ್ತವೆ. ಆರು ತಿಂಗಳು ಒಣಗಿದ್ದು ಮತ್ತೆ ಶುರುವಾಗಿ, ಜೊತೆಗೆ ವಿಪರೀತ ದಾಹವಿದ್ದರೆ ಅಂದೇ ಸಕ್ಕರೆ ಪರೀಕ್ಷೆ ಮಾಡಿಸಿ.

ಗಿರೀಶ: ಇಷ್ಟೆಲ್ಲ ಯಾಕೆ? ರಾತ್ರಿ 12ಕ್ಕೆ ಎತ್ತಿಕೊಂಡು ಹೋಗಿ ಮಾಡಿಸಿ. ಹಾಸಿಗೆಗೆ ಬ್ಲೀಚ್ ಹಾಕಿದರೆ ವಾಸನೆಯೂ ಹೋಗುತ್ತದೆ.

ಸುಮಾ: ನಿದ್ದೆಗಣ್ಣಲ್ಲಿ ಮಾಡಿಸಿದರೆ ಆ ರಾತ್ರಿ ಬಟ್ಟೆ ಉಳಿಯುತ್ತದೆ, ಮಗು ಏನೂ ಕಲಿಯುವುದಿಲ್ಲ.

ವಿಮಲಾ: ಬ್ಲೀಚ್ ಖಂಡಿತ ಬೇಡ ಗಿರೀಶ್ ಅವರೇ! ಮೂತ್ರದ ಅಮೋನಿಯಾ ಜೊತೆ ಸೇರಿ ವಿಷದ ಹೊಗೆ ಏಳುತ್ತದೆ. ತಣ್ಣೀರಲ್ಲಿ ಜಾಲಿಸಿ, ಎಂಜೈಮ್ ಇರುವ ಪುಡಿಯಲ್ಲಿ ನೆನೆಸಿ ಒಗೆಯಿರಿ.