91 ಬಂದಿದೆ!

ಮಹೇಶ: (ಫೋಟೊ) ಶಾಲೆಯಲ್ಲಿ ಪುಟ್ಟನಿಗೆ ಐಕ್ಯೂ ಪರೀಕ್ಷೆ ಮಾಡಿದರು. 91 ಬಂದಿದೆ! ಲೆಕ್ಕದಲ್ಲಿ ಯಾವತ್ತೂ 70 ದಾಟದವನು 🙂

ದೊಡ್ಡಪ್ಪ: ಭೇಷ್! ಉಳಿದ 9 ಎಲ್ಲಿ ಹೋಯಿತು ಅಂತ ಕೇಳು.

ಕಿರಣ: ಮಹೇಶಣ್ಣ, ಅದು 100ಕ್ಕೆ 91 ಅಲ್ಲ. 100 ಅಂದರೆ ಸರಾಸರಿ.

ಮಹೇಶ: ಅಂದರೆ ಕಮ್ಮಿನಾ?

ದೊಡ್ಡಪ್ಪ: ಬೆಳೆಯ ಸಿರಿ ಮೊಳಕೆಯಲ್ಲಿ ನೋಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ನಾಳೆಯಿಂದಲೇ ಟ್ಯೂಷನ್‌ಗೆ ಹಾಕು.

ಗೀತಕ್ಕ: ಮೊದಲು ಆ ಫೋಟೊ ಅಳಿಸು ಮಹೇಶ. ಇಲ್ಲಿ ಮೂವತ್ತು ಜನ ಇದ್ದೇವೆ. ಇನ್ನು ಅವನು ಯಾವ ಮದುವೆಗೆ ಬಂದರೂ ಯಾರಾದರೊಬ್ಬರಿಗೆ ಅವನ ಮುಖದ ಮೇಲೆ 91 ಕಾಣುತ್ತದೆ.

(ಈ ಸಂದೇಶವನ್ನು ಅಳಿಸಲಾಗಿದೆ)

ಗೀತಕ್ಕ: ಈಗ ಕೇಳು. ನಾನು ದಿನಾ ಮಾಡುವ ಕೆಲಸವೇ ಇದು. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಬರುತ್ತಾರೆ. 91ರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 86–97 ಅಂತ ಇತ್ತು. ಯಾರೂ ನೋಡಲಿಲ್ಲ. ಅವನ ನಿಜವಾದ ಅಂಕ ಇಷ್ಟರೊಳಗೆ ಎಲ್ಲೋ ಇರಬಹುದು ಅಂತ ಪರೀಕ್ಷೆ ಮಾಡಿದವರೇ ಹೇಳುತ್ತಿದ್ದಾರೆ. ದೊಡ್ಡಪ್ಪ, ಮೊಳಕೆ ನೋಡಿ, ಬೇಡ ಅನ್ನಲ್ಲ. ಒಂದು ಬೆಳಿಗ್ಗೆ ನೋಡಿ ಇಳುವರಿ ಲೆಕ್ಕ ಹಾಕಬೇಡಿ.

ಕಿರಣ: ಅಕ್ಕ, ಇದು ನೀನು ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳುವ ಸಮಾಧಾನ ಅಲ್ವಾ? ಅಂಕ ತೆಗೆದರೆ ಉಳಿಯುವುದು ಟೀಚರ್ ಬಾಯಿಮಾತು. ಗಲಾಟೆ ಮಾಡುವವನು ದಡ್ಡ, ಕೈಕಟ್ಟಿ ಕೂತವನು ಜಾಣ. 1905ರಲ್ಲಿ ಪ್ಯಾರಿಸ್‌ನಲ್ಲಿ ಮನಶ್ಶಾಸ್ತ್ರಜ್ಞ ಬಿನೆ, ಅವರ ಜೊತೆಗಾರ ಸಿಮೋನ್ ಇಂಥ ಮೊದಲ ಪರೀಕ್ಷೆ ಕಟ್ಟಿದ್ದೇ ಆ ಬಾಯಿಮಾತು ಸಾಲದು ಅಂತ ತಾನೇ?

ಗೀತಕ್ಕ: ಒಪ್ಪಿದೆ. ಅಂಕ ಬೇಡ ಅಂತ ನಾನೆಲ್ಲಿ ಹೇಳಿದೆ? ಬಿನೆ ಹುಡುಕಿದ್ದು ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಅಂತ. ಬುದ್ಧಿ ಇಷ್ಟೇ, ಇನ್ನು ಬೆಳೆಯಲ್ಲ ಅನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಐಕ್ಯೂ ಅನ್ನುವ ಲೆಕ್ಕ ಅವರದ್ದೇ ಅಲ್ಲ. ಅವರು ತೀರಿಕೊಂಡ ಮರುವರ್ಷ, 1912ರಲ್ಲಿ, ಜರ್ಮನಿಯ ಮನಶ್ಶಾಸ್ತ್ರಜ್ಞ ಸ್ಟರ್ನ್ ತಂದದ್ದು.

ವಾಣಿ: ಅಕ್ಕ, ನಡುವೆ ಬಾಯಿ ಹಾಕ್ತಿದ್ದೀನಿ. ಚಿತ್ರದಲ್ಲಿ ಇದ್ದಹಾಗೆ ಬ್ಲಾಕ್ ಜೋಡಿಸಬೇಕಿತ್ತಂತೆ. ಕೊನೆಯ ಮೂಲೆಯದು ಉಲ್ಟಾ ಕೂತಿದೆ ಅಂತ ಇವನಿಗೇ ಗೊತ್ತಾಗಿದೆ. ತೆಗೆದು, ತಿರುಗಿಸಿ, ಸರಿಯಾಗಿ ಇಟ್ಟಿದ್ದಾನೆ. ಅಷ್ಟರಲ್ಲಿ ಟೈಮ್ ಮುಗಿದಿತ್ತು. "ಸರಿ ಮಾಡಿದೆ ಅಮ್ಮ, ಆದರೂ ಆಂಟಿ ಬರ್ಕೊಳ್ಳಲೇ ಇಲ್ಲ" ಅಂತ ಮಲಗುವವರೆಗೂ ಅದೇ ಮಾತು. ಆವತ್ತು ನೆಗಡಿ ಬೇರೆ, ಕಿವಿ ಕಟ್ಟಿತ್ತು.

ಗೀತಕ್ಕ: ಅದೇ ನೋಡು ವಾಣಿ! ಸಮಯ ಮೀರಿದರೆ ಆ ಚಿತ್ರಕ್ಕೆ ಸೊನ್ನೆ. ನಿಯಮ ಹಾಗಿದೆ, ಆಂಟಿ ತಪ್ಪಲ್ಲ. ಆದರೆ ತನ್ನ ತಪ್ಪನ್ನು ತಾನೇ ಹಿಡಿದ ಅನ್ನುವುದು ವರದಿಯಲ್ಲಿ ಒಂದು ಸಾಲಾದರೂ ಇರಬೇಕಿತ್ತು. 1920ರ ಸುಮಾರಿಗೆ ಮಕ್ಕಳ ಯೋಚನೆಯನ್ನೇ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಇಂಥದೇ ಪರೀಕ್ಷೆ ಮಾಡುತ್ತಾ ಕೂತಿದ್ದಾಗ ಅವರ ಕಣ್ಣಿಗೆ ಬಿದ್ದದ್ದು ಮಕ್ಕಳ ತಪ್ಪು ಉತ್ತರಗಳು. ಒಂದೇ ವಯಸ್ಸಿನವರು ಒಂದೇ ಥರ ತಪ್ಪುತ್ತಿದ್ದರು. ಮಗು ಹೇಗೆ ಯೋಚಿಸುತ್ತದೆ ಅಂತ ಅಲ್ಲೇ ಕಾಣುವುದು. ಕಿವಿ ಮಾತ್ರ ಈ ವಾರವೇ ತೋರಿಸಿ.

ಮಹೇಶ: ಶಾಲೆಯಲ್ಲಿ ಏನು ಕೇಳಲಿ?

ಗೀತಕ್ಕ: ಯಾವ ಪರೀಕ್ಷೆ? ಯಾವ ಭಾಷೆಯಲ್ಲಿ ಮಾಡಿದರು? ಒಂದೊಂದು ಭಾಗದಲ್ಲಿ ಎಷ್ಟು ಬಂತು? ಒಟ್ಟು ಅಂಕಕ್ಕಿಂತ ಅದು ಜಾಸ್ತಿ ಹೇಳುತ್ತದೆ. ಹೋಲಿಸಿದ್ದು ಅವನ ವಯಸ್ಸಿನವರ ಜೊತೆಗಾ, ತರಗತಿಯವರ ಜೊತೆಗಾ ಅಂತಲೂ ಕೇಳು. ಒಂದೇ ತರಗತಿಯಲ್ಲಿ ಹನ್ನೊಂದು ತಿಂಗಳು ದೊಡ್ಡವರು ಇರುತ್ತಾರೆ. ಏಳು ವರ್ಷದವನಿಗೆ ಅದು ಸಣ್ಣ ಅಂತರವಲ್ಲ. ಈ ಅಂಕ ಹಿಡಿದು ಸೆಕ್ಷನ್ ಬದಲಿಸುವ ಯೋಚನೆ ಇದ್ದರೆ ಬರೆದು ಕೊಡಲಿ.

ಕಿರಣ: ಸೆಕ್ಷನ್ ವಿಷಯಕ್ಕೆ ನಾನೂ ನಿನ್ನ ಕಡೆ. ಉಳಿದ ಜಗಳ ಫೋನಲ್ಲಿ.

ದೊಡ್ಡಪ್ಪ: ಯಾರೋ ಲಿಂಕ್ ಕಳಿಸಿದ್ದರು. ಹತ್ತು ನಿಮಿಷದ ಐಕ್ಯೂ ಪರೀಕ್ಷೆ. ನನಗೆ 141 ಬಂತು.

ಮಹೇಶ: ಎಷ್ಟಕ್ಕೆ ದೊಡ್ಡಪ್ಪ?